ಚಾಲಕನ ಕಡೆಯ ಮುಂದಿನ ಚಕ್ರ

ಆ ಬೀದಿಯಲ್ಲಿ ಅವನಿಗೆ ಬ್ರೇಕಪ್ಪ ಅಂತಲೇ ಹೆಸರು. ಗಾಜು ಕತ್ತರಿಸುವವನ ಅಂಗಡಿಗೂ ಹಳೆ ಟೈರುಗಳ ರಾಶಿಗೂ ನಡುವೆ ಸಿಕ್ಕಿಹಾಕಿಕೊಂಡಂತಿದ್ದ ಅವನ ಗ್ಯಾರೇಜಿಗೆ ಬೋರ್ಡು ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಇಂಜಿನ್ನು ಕೆಮ್ಮಿದರೆ, ಗೇರು ಕಚ್ಚಿಕೊಂಡರೆ ಜನ ಬೇರೆ ಕಡೆ ಹೋಗುತ್ತಿದ್ದರು. ಬ್ರೇಕು ಕೈಕೊಟ್ಟರೆ ಮಾತ್ರ ಇಲ್ಲಿಗೆ ಬರುತ್ತಿದ್ದರು. ಒಮ್ಮೆ ಬಿಚ್ಚಿ ಜೋಡಿಸಿದ್ದನ್ನು ಮತ್ತೆ ಬಿಚ್ಚಿ, ನೋಡಿ, ಮತ್ತೆ ಜೋಡಿಸದೆ ಅವನು ಗಾಡಿ ಬಿಟ್ಟುಕೊಡುತ್ತಿರಲಿಲ್ಲ. "ಗಾಡಿ ಕೊಡೋ ಮಾರಾಯ, ಮಗಳನ್ನ ಕೊಡೋ ಹಾಗೆ ಯಾಕಿಷ್ಟು ಹಿಂದೆಮುಂದೆ ನೋಡ್ತೀಯ" ಅಂತ ಗಿರಾಕಿಗಳು ರೇಗಿಸಿದರೆ, ಅವನು ನಕ್ಕು ಇನ್ನೊಂದು ಸಲ ಜಾಕಿ ಏರಿಸುತ್ತಿದ್ದ.

ಹೊಸ ಗಿರಾಕಿಗಳು ಆ ಹೆಸರನ್ನು ಪ್ರೀತಿಯಿಂದ ಇಟ್ಟದ್ದು ಅಂದುಕೊಂಡಿದ್ದರು. ಹಳಬರಿಗೆ ಗೊತ್ತಿತ್ತು, ಅದು ಮೊದಲು ಬೈಗುಳವಾಗಿ ಬಂದದ್ದು ಅಂತ. ಅವನ ಹೆಂಡತಿಗೂ ಗೊತ್ತಿತ್ತು. ಯಾರಾದರೂ "ಬ್ರೇಕಪ್ಪ ಇದ್ದಾರಾ?" ಅಂತ ಬಾಗಿಲಲ್ಲಿ ಕೇಳಿದರೆ ಅವಳು, "ಇದ್ದಾರೆ, ಆದರೆ ಅವರಿಗೆ ತಾಯಿ ಇಟ್ಟ ಹೆಸರೂ ಒಂದಿದೆ" ಅನ್ನುತ್ತಿದ್ದಳು. ಆ ಹೆಸರು ಏನೆಂದು ಕೇಳುವ ಪುರಸೊತ್ತು ಯಾರಿಗೂ ಇರಲಿಲ್ಲ.

ಅವತ್ತು ಬೆಳಿಗ್ಗೆ ಗ್ಯಾರೇಜಿನ ಮುಂದೆ ಒಂದು ಉದ್ದನೆಯ ಲಾರಿ ಬಂದು ನಿಂತಿತು. ಅದರ ಬೆನ್ನ ಮೇಲೆ ಹಗ್ಗ ಬಿಗಿಸಿಕೊಂಡು ಒಂದು ಹಳೆಯ ಪಿಕಪ್ ಕೂತಿತ್ತು. ಗುಂಡು ಮೂಗು, ಕಪ್ಪೆಗಣ್ಣಿನಂಥ ದೀಪಗಳು, ಹಿಂದೆ ಮರದ ಹಲಗೆಯ ತೊಟ್ಟಿ. ಹಸಿರು ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದು, ಕೆಳಗಿನ ತುಕ್ಕು ಕಾಣುತ್ತಿತ್ತು. ಚಾಲಕನ ಪಕ್ಕ ಕೂರುವವರ ಬಾಗಿಲ ಕಡೆಯ ತಗಡು ಮಾತ್ರ ಒಳಕ್ಕೆ ಕುಸಿದಿತ್ತು.

ಬ್ರೇಕಪ್ಪ ಕೈಲಿದ್ದ ಪಾನಾ ಕೆಳಗಿಟ್ಟ. ಅದನ್ನು ಯಾರೂ ಅವನಿಗೆ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ. ಅದು ಅವನ ಅಪ್ಪನ ಗಾಡಿ.

ಲಾರಿಯ ಮುಂದಿನಿಂದ ಇಳಿದವಳು ಅವನ ಅಣ್ಣನ ಮಗಳು. ಮೂವತ್ತರ ಆಸುಪಾಸಿನ ಹುಡುಗಿ. ಅಣ್ಣನ ಲಾರಿ ಕಂಪನಿಯ ಅರ್ಧ ವ್ಯವಹಾರ ಈಗ ಅವಳೇ ನೋಡಿಕೊಳ್ಳುತ್ತಿದ್ದಳು. ಎದುರು ಸಿಕ್ಕಾಗ "ಚೆನ್ನಾಗಿದೀರಾ ಚಿಕ್ಕಪ್ಪ" ಅನ್ನುವಷ್ಟು ಮಾತ್ರ ಬಳಕೆ ಇತ್ತು.

"ಚಿಕ್ಕಪ್ಪ, ನಿಮಗೆ ಕಷ್ಟ ಆಗುತ್ತೆ ಅಂತ ಗೊತ್ತು," ಅಂದಳು. "ಆದರೆ ಬೇರೆ ಯಾರೂ ಇದರ ಬ್ರೇಕ್ ಮುಟ್ಟೋದಕ್ಕೆ ಒಪ್ಪಲಿಲ್ಲ. ಇಂಜಿನ್ ಓಡುತ್ತೆ, ನೋಡಿಸಿದೀನಿ. ಕಂಪನಿಯ ವಾರ್ಷಿಕೋತ್ಸವಕ್ಕೆ ಅಜ್ಜನ ಗಾಡೀನ ಎಲ್ಲಾ ಲಾರಿಗಳ ಮುಂದೆ ನಾನೇ ಓಡಿಸಬೇಕು. ಅಪ್ಪನಿಗೆ ಹೇಳಿಲ್ಲ. ಅವರು ಊರಿನಲ್ಲಿಲ್ಲ. ಬಂದಾಗ ಖುಷಿಪಡಲಿ ಅಂತ."

"ಅಣ್ಣ ಖುಷಿಪಡ್ತಾನಾ?" ಅಂದ ಬ್ರೇಕಪ್ಪ.

ಅವಳು ಪಿಕಪ್ಪಿಗೆ ಬಿಗಿದಿದ್ದ ಹಗ್ಗ ಬಿಚ್ಚತೊಡಗಿದಳು. ಈ ಗಾಡಿಯ ಕಥೆ ಕೇಳಿಯೇ ಅವಳು ಬೆಳೆದವಳು. ಆ ಕಥೆಯಲ್ಲಿ ಚಿಕ್ಕಪ್ಪನ ಪಾತ್ರ ಏನು ಅನ್ನುವುದೂ ಅವಳಿಗೆ ಗೊತ್ತಿತ್ತು.

ಕಥೆ ಹೀಗೆ. ಅಪ್ಪ ಆ ಪಿಕಪ್ಪಿನಲ್ಲಿ ಮನೆ ಬದಲಾಯಿಸುವವರ ಸಾಮಾನು ಸಾಗಿಸುತ್ತಿದ್ದರು. ಮಂಚ, ಬೀರು, ಹಾಸಿಗೆ ಸುರುಳಿ, ಮೇಲೆ ಒಂದು ಬೋರಲು ಹಾಕಿದ ಕುರ್ಚಿ. ದೊಡ್ಡ ಮಗ ಓಡಿಸುವವನು, ಚಿಕ್ಕವನು ರಿಪೇರಿಯವನು. ಅಪ್ಪ ಚಾಲಕನ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಇಬ್ಬರನ್ನೂ ಬೈಯುವವರು. ಸುಖವಾಗಿಯೇ ಇದ್ದರು. ಆಮೇಲೆ ಬ್ರೇಕಿನ ಲೈನಿಂಗ್ ಸವೆಯಿತು. ಚಕ್ರದೊಳಗಿನ ಡ್ರಮ್ಮನ್ನು ಒತ್ತಿ ಹಿಡಿಯುವ ಶೂಗಳ ಮೇಲೆ ಅಂಟಿರುವ ಪಟ್ಟಿ ಅದು, ಸವೆದು ಸವೆದು ರಿವೆಟ್ಟಿನ ತಲೆಗಳು ಮೇಲೆದ್ದು ಡ್ರಮ್ಮಿಗೆ ಕೆರೆಯತೊಡಗಿದವು. ಚಿಕ್ಕವನು ಕೆಲಸಕ್ಕೆ ಕೂತ. ಹಿಂದಿನ ಚಕ್ರಗಳು ಮುಗಿದವು. ಮುಂದೆ ಅಪ್ಪ ಕೂರುವ ಕಡೆಯದೂ ಮುಗಿಯಿತು, ಹೊಸ ಪಟ್ಟಿ ಗಟ್ಟಿಯಾಗಿ ಕೂತಿತು. ಚಾಲಕನ ಕಡೆಯದನ್ನು ಬಿಚ್ಚುವ ಹೊತ್ತಿಗೆ ಮೈ ಕೆಂಡವಾಗಿತ್ತು. ಎರಡು ದಿನದಿಂದ ಜ್ವರ ಇದ್ದರೂ ಹೇಳಿರಲಿಲ್ಲ. ಹಳೆ ಶೂಗಳನ್ನು ತೆಗೆದು ಒಂದು ಡಬ್ಬದಲ್ಲಿ ಹಾಕಿ, ಚಕ್ರ ಬಿಚ್ಚಿದ ಹಾಗೇ ಬಿಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತು "ಗಾಡಿ ಮುಟ್ಟಬೇಡಿ, ಒಂದು ಚಕ್ರ ಬಾಕಿ ಇದೆ" ಅಂದು, ಹೋಗಿ ಮಲಗಿದ.

ಎಚ್ಚರ ಆದಾಗ ಮನೆ ತುಂಬ ಜನ. ಅಪ್ಪ ಇರಲಿಲ್ಲ.

ಇಳಿಜಾರಿನಲ್ಲಿ ಅಣ್ಣ ಬ್ರೇಕ್ ಒತ್ತಿದಾಗ ಗಾಡಿ ಒಂದೇ ಕಡೆಗೆ ಎಳೆದು, ಸೇತುವೆಯ ಗೋಡೆಗೆ ಹೋಗಿ ಬಡಿದಿತ್ತು. ಅಪ್ಪ ಕೂತಿದ್ದ ಕಡೆ. ಅಣ್ಣನಿಗೆ ಹಣೆಯ ಮೇಲೆ ಒಂದು ಗಾಯ, ಅಷ್ಟೇ. "ಅವನೇ ಗಾಡಿ ಸಿದ್ಧ ಅಂದ. ಅವನನ್ನ ನಂಬಿ ಓಡಿಸಿದೆ" ಅಂತ ಅಣ್ಣ ಬಂದವರಿಗೆಲ್ಲ ಅಳುತ್ತಾ ಹೇಳುತ್ತಿದ್ದ.

ಚಿಕ್ಕವನು ಇಲ್ಲ ಅಂದ. ಚಕ್ರ ಬಿಚ್ಚಿಟ್ಟಿದ್ದೆ ಅಂದ. "ಹಾಗಾದರೆ ಗಾಡಿ ಮೂರು ಚಕ್ರದ ಮೇಲೆ ಓಡಿತೇನೋ?" ಅಂತ ಸೋದರಮಾವ ಕೇಳಿದ. ಜ್ವರದ ಮಂಪರಿನಲ್ಲಿ ನೀನೇ ಎದ್ದು ಹೋಗಿ ಏನೋ ಜೋಡಿಸಿದೀಯ, ನಿನಗೇ ನೆನಪಿಲ್ಲ ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದರು. ಅಮ್ಮ ಅವನ ಕಡೆ ತಿರುಗಲೂ ಇಲ್ಲ. ಗಾಡಿಯನ್ನು ಅಣ್ಣ ಎಳೆಸಿಕೊಂಡು ಬಂದು ಶೆಡ್ಡಿನಲ್ಲಿ ಹಾಕಿ ಟಾರ್ಪಾಲು ಹೊದಿಸಿದ. "ಅದನ್ನ ನೋಡೋ ಶಕ್ತಿ ನನಗಿಲ್ಲ, ಯಾರೂ ತೆರೀಬೇಡಿ" ಅಂದ. ಎಲ್ಲರಿಗೂ ಅದು ಸರಿ ಅನ್ನಿಸಿತು.

ಸುತ್ತಲಿನವರೆಲ್ಲ ಒಂದೇ ಮಾತು ಹೇಳುತ್ತಿದ್ದರೆ ಮನುಷ್ಯ ತನ್ನ ಕಣ್ಣನ್ನೇ ಅನುಮಾನಿಸತೊಡಗುತ್ತಾನೆ. ಮೊದಲ ವರ್ಷ ಅವನು ಜಗಳವಾಡಿದ. ಆಮೇಲೆ ಬೇರೆ ಊರಿಗೆ ಹೋಗಿ ಪಂಕ್ಚರ್ ಹಾಕಿಕೊಂಡಿದ್ದ. ಅಲ್ಲಿ ಮಲಗಿದಾಗ ಯೋಚಿಸುತ್ತಿದ್ದ: ನಿಜವಾಗಿಯೂ ಎದ್ದು ಹೋಗಿದ್ದೆನಾ? ಕನಸಿನಲ್ಲಿ ಅವನ ಕೈಗಳು ಆ ಶೂಗಳನ್ನು ಎತ್ತಿ ಜೋಡಿಸುತ್ತಿದ್ದವು. ಕನಸು ಯಾವುದು, ನೆನಪು ಯಾವುದು ಅಂತ ಬೇರ್ಪಡಿಸುವುದು ವರ್ಷ ಕಳೆದಂತೆ ಕಷ್ಟವಾಯಿತು. ಕೊನೆಗೆ ಅವನೇ ಹೇಳಿಕೊಂಡ, ಇರಬಹುದು, ನಾನೇ ಇರಬಹುದು. ಹಾಗೆ ಒಪ್ಪಿಕೊಂಡ ಮೇಲೆ ಊರಿಗೆ ಮರಳಿ ಬಂದು ಬರೀ ಬ್ರೇಕಿನ ಕೆಲಸ ಹಿಡಿದ. ಯಾಕೆ ಅಂತ ಹೆಂಡತಿ ಕೇಳಿದ್ದಕ್ಕೆ, "ಇನ್ನೊಬ್ಬರ ಅಪ್ಪ ಸಾಯಬಾರದು" ಅಂದಿದ್ದ.

ಅಮ್ಮ ಅಣ್ಣನ ಮನೆಯಲ್ಲೇ ಇದ್ದಳು. ಇವನು ಹೋದರೆ ಒಳಗಿನ ಕೋಣೆಗೆ ಸರಿದುಬಿಡುತ್ತಿದ್ದಳು. ಇವನ ಮದುವೆಗೂ ಬರಲಿಲ್ಲ. ಎರಡು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ಕಡೆಯ ದಿನಗಳನ್ನು ಎಣಿಸುತ್ತಿದ್ದಾಗ ಇವನು ಹೋಗಿ ಮಂಚದ ಪಕ್ಕ ನಿಂತ. ಅವಳು ಕಣ್ಣು ತೆರೆದು "ಬಂದೆಯಾ" ಅಂದಳು. ಮತ್ತೆ ಕಣ್ಣು ಮುಚ್ಚಿಕೊಂಡಳು. ಆ ಒಂದು ಮಾತನ್ನು ಅವನು ಚಿನ್ನದ ಹಾಗೆ ಜೋಪಾನ ಮಾಡಿಕೊಂಡಿದ್ದ. ಕ್ಷಮಿಸಿದಳು ಅಂತ.

ಇಂಥ ಗಾಡಿ ಈಗ ಅವನ ಬಾಗಿಲಿಗೆ ಬಂದಿತ್ತು.

"ಬೇಡ ಅಂದುಬಿಡಿ ರೀ," ಅಂದಳು ಹೆಂಡತಿ, ಗ್ಯಾರೇಜಿನ ಹಿಂದಿನ ಅಡುಗೆಮನೆಯಲ್ಲಿ ಚಹಾ ಸೋಸುತ್ತಾ. "ಇಷ್ಟು ವರ್ಷ ಉಪ್ಪು ಸವರಿದ್ದು ಸಾಲದು ಅಂತ ಗಾಯಾನೇ ಹೊತ್ತು ತಂದು ನಮ್ಮ ಅಂಗಳದಲ್ಲಿ ಇಟ್ಟಿದ್ದಾರೆ."

"ನೋಡ್ತೀನಿ," ಅಂದ ಅವನು. "ಒಳಗೆ ಏನಿದೆ ಅಂತ ಒಂದು ಸಲ ನೋಡಿಬಿಡ್ತೀನಿ."

ಹಿಂದಿನ ಎರಡು ಚಕ್ರಗಳನ್ನು ಮೊದಲು ಬಿಚ್ಚಿದ. ತುಕ್ಕು ಹಿಡಿದ ಡ್ರಮ್ಮು ಸುಲಭಕ್ಕೆ ಬರಲಿಲ್ಲ; ಎಣ್ಣೆ ಬಿಟ್ಟು, ಮರದ ಸುತ್ತಿಗೆಯಲ್ಲಿ ಸುತ್ತಲೂ ಬಡಿದು, ಕಾದು, ಮತ್ತೆ ಬಡಿದು ಎಳೆದ. ಒಳಗೆ ಅವನೇ ಕೂರಿಸಿದ ಪಟ್ಟಿಗಳು. ರಿವೆಟ್ಟುಗಳು ಸಾಲಾಗಿ, ಚೊಕ್ಕವಾಗಿ ಕೂತಿದ್ದವು. ಮುಂದೆ, ಅಪ್ಪನ ಕಡೆಯದನ್ನು ತೆಗೆದ. ಅಲ್ಲೂ ಹಾಗೇ. ಹೊಸ ಪಟ್ಟಿ, ಒಂದು ದಿನವೂ ಪೂರ್ತಿ ಸವೆಯದ್ದು. ಇಪ್ಪತ್ತರ ಹುಡುಗ ಮಾಡಿದ ಕೆಲಸವನ್ನು ಐವತ್ತು ದಾಟಿದವನು ಬೆರಳಿನಿಂದ ಸವರಿ ನೋಡಿದ. ತಪ್ಪು ಹುಡುಕಿದ, ಸಿಗಲಿಲ್ಲ.

ಉಳಿದದ್ದು ಚಾಲಕನ ಕಡೆಯ ಮುಂದಿನ ಚಕ್ರ. ಅದನ್ನು ಬಿಟ್ಟು ಅವನು ಬೇರೆಲ್ಲಾ ಕೆಲಸ ಮಾಡಿದ. ಪೆಡಲ್ ನೋಡಿದ, ಕೊಳವೆ ನೋಡಿದ, ನೆಲ ಗುಡಿಸಿದ. ಕೊನೆಗೆ ಹೆಂಡತಿಯೇ ಬಂದು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, "ತೆಗೀರಿ, ನಾನಿದೀನಿ" ಅಂದಳು.

ಡ್ರಮ್ಮು ಕಳಚಿ ಬಂತು. ಅವನು ಬಗ್ಗಿ ನೋಡಿದ. ತುಂಬ ಹೊತ್ತು ಹಾಗೇ ಬಗ್ಗಿಕೊಂಡೇ ಇದ್ದ.

"ಏನ್ರೀ? ಏನಿದೆ?"

ಒಳಗೆ ಅವನು ಡಬ್ಬಕ್ಕೆ ಹಾಕಿದ್ದ ಹಳೆಯ ಶೂಗಳಿದ್ದವು. ಸವೆದು ರಿವೆಟ್ಟು ಮೇಲೆದ್ದ ಅವೇ ಶೂಗಳು. ಆದರೆ ಅವು ಅದಲುಬದಲಾಗಿದ್ದವು. ಈ ಗಾಡಿಯಲ್ಲಿ ಮುಂದಿನ ಶೂಗೆ ಪಟ್ಟಿ ಗಿಡ್ಡ, ಹಿಂದಿನದಕ್ಕೆ ಉದ್ದ. ಕೆಲಸ ಕಲಿಯುವವರು ಮೊದಲ ದಿನವೇ ಕಲಿಯುವ ಪಾಠ ಅದು. ಇಲ್ಲಿ ಉದ್ದದ್ದು ಮುಂದೆ ಇತ್ತು, ಗಿಡ್ಡದ್ದು ಹಿಂದೆ. ಮೇಲಿನ ಸ್ಪ್ರಿಂಗಿನ ಕೊಕ್ಕೆಯನ್ನು ಸಿಕ್ಕಿಸಲು ಬಾರದೆ ಯಾರೋ ತಂತಿ ಸುತ್ತಿ ಬಿಗಿದಿದ್ದರು. ತಂತಿ ತಿರುಚಿದ್ದು ಎಡಕ್ಕೆ.

"ನಮ್ಮಣ್ಣ ಎಡಚ," ಅಂದ ಬ್ರೇಕಪ್ಪ. ಅವನ ದನಿ ಅವನಿಗೇ ಬೇರೆ ಯಾರದೋ ಅನ್ನಿಸಿತು. "ಹಾಸಿಗೆ ಕಟ್ಟೋದು, ಬೀರುವಿಗೆ ತಂತಿ ಸುತ್ತೋದು, ಎಲ್ಲಾ ಹೀಗೇ ಉಲ್ಟಾ ತಿರುಚ್ತಿದ್ದ. ಬಿಚ್ಚೋವಾಗ ನನಗೆ ಅಪ್ಪನಿಗೆ ಇಬ್ಬರಿಗೂ ತಲೆಕೆಡ್ತಿತ್ತು."

ಹೆಂಡತಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ಅವನು ನೆಲದ ಮೇಲೆ ಕೂತು ನಗಲು ಶುರುಮಾಡಿದ. ಆ ನಗು ನೋಡಿ ಅವಳಿಗೆ ಭಯವಾಯಿತು. "ಹೊಸ ಪಟ್ಟಿ ಆ ಕಡೆ, ಬೋಳು ಪಟ್ಟಿ ಈ ಕಡೆ," ಅಂದ. "ಎಳೆಯದೆ ಇನ್ನೇನು ಮಾಡುತ್ತೆ? ನನ್ನ ಕೆಲಸ ಚೆನ್ನಾಗಿ ಹಿಡಿದಿದ್ದಕ್ಕೇ ಅಪ್ಪ ಹೋದದ್ದು ಕಣೇ. ನಾನು ಕೆಟ್ಟದಾಗಿ ಮಾಡಿದ್ದರೆ ಗಾಡಿ ನೆಟ್ಟಗೆ ಹೋಗ್ತಿತ್ತು."

ಮಾರನೆಯ ದಿನ ಅಣ್ಣನ ಮಗಳು ಕೆಲಸ ಎಲ್ಲಿಗೆ ಬಂತು ನೋಡಲು ಬಂದಾಗ ಅವನು ಅವಳಿಗೆ ಎಲ್ಲ ತೋರಿಸಿದ. ಅವಳು ಬುದ್ಧಿವಂತೆ, ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ಆ ತಂತಿಯನ್ನೇ ನೋಡುತ್ತಾ ನಿಂತಳು. ಅವಳ ಮನೆಯಲ್ಲಿ ಗೇಟಿಗೆ, ಗಿಡಕ್ಕೆ ಕಟ್ಟಿದ ಕೋಲಿಗೆ, ಎಲ್ಲಕ್ಕೂ ಅಪ್ಪ ಸುತ್ತಿದ ತಂತಿಗಳಿದ್ದವು.

ಅಷ್ಟರಲ್ಲಿ ಅಣ್ಣನ ಕಾರು ಬಂತು. ಬೇರೆ ಊರಿಂದ ಬಂದವನೇ ಶೆಡ್ಡು ಖಾಲಿ ಇರುವುದನ್ನು ನೋಡಿ, ಎಲ್ಲಿ ಹೋಯಿತು ಅಂತ ಕೇಳಿ ತಿಳಿದು, ಚಹಾ ಸಹ ಕುಡಿಯದೆ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ. ನೆಲದ ಮೇಲಿನ ಎಣ್ಣೆ ತಾಗದ ಹಾಗೆ ಕಾಲಿಡುತ್ತಾ ಒಳಗೆ ಬಂದ.

"ಯಾರನ್ನ ಕೇಳಿ ತಂದೆ ಇದನ್ನ?" ಅಂದ ಮಗಳಿಗೆ.

ಮಗಳು ಬಾಯಿ ತೆರೆಯುವ ಮುಂಚೆ ಬ್ರೇಕಪ್ಪ ಒಂದು ತಟ್ಟೆಯಲ್ಲಿ ಆ ಎರಡು ಶೂ, ಸ್ಪ್ರಿಂಗು, ತಂತಿ ಇಟ್ಟು ಅಣ್ಣನ ಮುಂದೆ ಹಿಡಿದ. "ನೋಡಣ್ಣ. ಇದನ್ನ ಯಾರು ಕಟ್ಟಿದ್ದು?"

ಅಣ್ಣ ನೋಡಿದ. ಮುಖದ ಮೇಲೆ ಏನೂ ಕಾಣಿಸಲಿಲ್ಲ, ಆದರೆ ಕೈ ಹಣೆಯ ಹಳೆಯ ಗಾಯದ ಕಡೆ ಹೋಯಿತು. "ನೀನು ಹೋಗಿ ಕಾರಲ್ಲಿ ಕೂತಿರು," ಅಂದ ಮಗಳಿಗೆ. ಅವಳು ಅಲುಗಲಿಲ್ಲ. ಇನ್ನೊಂದು ಸಲ ಹೇಳಿದ. ಆಗಲೂ ಅಲುಗಲಿಲ್ಲ. ಗಿರಾಕಿಗಳಿಗೆ ಅಂತ ಇಟ್ಟಿದ್ದ ಸ್ಟೂಲಿನ ಮೇಲೆ ಅಣ್ಣ ಕೂತ.

"ನಾನು ಚಕ್ರ ಬಿಚ್ಚಿಟ್ಟಿದ್ದೆ," ಅಂದ ಬ್ರೇಕಪ್ಪ.

"ಹೂಂ."

"ಗಾಡಿ ಮುಟ್ಟಬೇಡಿ ಅಂದಿದ್ದೆ."

"ಅಂದಿದ್ದೆ," ಅಂದ ಅಣ್ಣ.

ಅದೇ ಮಾತನ್ನು ಇವನು ಮೂವತ್ತು ವರ್ಷದ ಹಿಂದೆ ಕೂಗಿ ಹೇಳಿದ್ದ, ಅತ್ತು ಹೇಳಿದ್ದ, ಕೊನೆಗೆ ಹೇಳುವುದನ್ನೇ ಬಿಟ್ಟಿದ್ದ. ಅಣ್ಣನ ಬಾಯಲ್ಲಿ ಅದು ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದವರಿಗೆ ಹೇಳಿದಷ್ಟು ಸಲೀಸಾಗಿ ಬಂತು.

"ಗಿರಾಕಿ ಮನೆ ಸಾಮಾನೆಲ್ಲ ಬೀದಿಗೆ ಹಾಕ್ಕೊಂಡು ಕಾಯ್ತಿದ್ದ," ಅಂದ ಅಣ್ಣ. "ನಿನ್ನನ್ನ ಎಬ್ಬಿಸಿದರೆ ಏಳಲಿಲ್ಲ, ಏನೇನೋ ಬಡಬಡಿಸ್ತಿದ್ದೆ. ಅಪ್ಪ ಒಂದೇ ಸಮ ಅವಸರ ಮಾಡಿದರು. ಹತ್ತಿರದ ಬೀದಿ ತಾನೇ, ಒಂದು ಟ್ರಿಪ್ಪು ತಾನೇ ಅಂತ ನಾನೇ ಹಳೇದನ್ನ ಹಾಕಿದೆ. ಹೇಗೋ ಕೂತಿತು."

"ಹೇಗೋ ಕೂತಿತು," ಅಂದ ಬ್ರೇಕಪ್ಪ.

"ಬೇಕು ಅಂತ ಮಾಡಿದೆನೇನೋ? ನನಗೂ ಅಪ್ಪ ಅಲ್ವಾ ಅವರು?"

"ಅದನ್ನ ಬೇಕು ಅಂತ ಮಾಡಲಿಲ್ಲ. ಆಮೇಲೆ ಹೇಳಿದ್ದು? ಅದೂ ಹೇಗೋ ಕೂತಿತಾ?"

ಅಣ್ಣ ಮುಂದೆ ಹಿಡಿದಿದ್ದ ತಟ್ಟೆಯನ್ನು ಅತ್ತ ಸರಿಸಿದ. "ಮೊದಲನೇ ದಿನ ಭಯಕ್ಕೆ ಬಾಯಿಗೆ ಬಂತು. ಎರಡನೇ ದಿನ ಎಲ್ಲರೂ ಅದನ್ನೇ ಹೇಳ್ತಿದ್ದರು. ಆಮೇಲೆ ವಾಪಸ್ ತಗೊಳ್ಳೋದು ಹೇಗೆ? ಗಾಡಿ ಓಡಿಸೋನೇ ಅಪ್ಪನನ್ನ ಕೊಂದ ಅಂದರೆ ನನ್ನ ಗಾಡಿಗೆ ಯಾರು ಸಾಮಾನು ಹತ್ತಿಸ್ತಿದ್ದರು? ಮನೇಲಿ ಅಮ್ಮ ಇದ್ದಳು. ನೀನು ಚಿಕ್ಕವನು, ಜ್ವರದಲ್ಲಿದ್ದೆ, ಜನ ಮರೀತಾರೆ ಅಂದುಕೊಂಡೆ."

"ಜನ ನನಗೆ ಹೆಸರಿಟ್ಟರು ಅಣ್ಣ. ನನ್ನನ್ನ ಬಿಡು. ಅಮ್ಮನಿಗಾದರೂ ಹೇಳಬಹುದಿತ್ತು. ಅವಳು ಸಾಯೋ ತನಕ ನನ್ನ ಮುಖ ನೋಡಲಿಲ್ಲ."

ಅಣ್ಣ ತಲೆ ಎತ್ತಿದ. ಹೇಳಲೋ ಬೇಡವೋ ಅಂತ ಅವನು ಒಂದು ಗಳಿಗೆ ಯೋಚಿಸಿದ್ದು ಎಲ್ಲರಿಗೂ ಕಾಣಿಸಿತು. ತನ್ನ ಹೊರೆಯನ್ನು ಇಳಿಸಿಕೊಳ್ಳುವ ಆಸೆಯೇ ಗೆದ್ದಿತು.

"ಅಮ್ಮನಿಗೆ ಗೊತ್ತಿತ್ತು."

ಗಾಜಿನ ಅಂಗಡಿಯವನು ಆ ಕಡೆ ಗಾಜು ಕೊಯ್ಯುತ್ತಿದ್ದ. ಅದರ ಕಿರ್ ಅನ್ನುವ ಸದ್ದು ನಿಂತ ಮೇಲೆ ಅಣ್ಣ ಮುಂದುವರಿಸಿದ.

"ಅದೇ ವರ್ಷ ಹೇಳಿದೆ. ತಡ್ಕೊಳ್ಳೋದಕ್ಕೆ ಆಗ್ಲಿಲ್ಲ. ಅವಳು ಒಲೆ ಮೇಲಿದ್ದ ಪಾತ್ರೆ ಇಳಿಸಿದಳು. ಆಮೇಲೆ, 'ಇದನ್ನ ಇನ್ನೊಬ್ಬರ ಕಿವಿಗೆ ಹಾಕಬೇಡ. ಒಬ್ಬನ ಹೆಸರು ಹೇಗೂ ಕೆಟ್ಟಾಯ್ತು. ಇಬ್ಬರದೂ ಕೆಟ್ಟರೆ ನಾನು ಎಲ್ಲಿಗೆ ಹೋಗಲಿ' ಅಂದಳು."

"ಹಾಗಾದರೆ... ನಾನು ಬಂದರೆ ಒಳಗೆ ಎದ್ದು ಹೋಗ್ತಿದ್ದದ್ದು?"

"ಇನ್ನೇನು ಮಾಡ್ತಾಳೆ? ಯಾವ ಮುಖ ಇಟ್ಕೊಂಡು ನಿನ್ನೆದುರು ಕೂರ್ತಾಳೆ?"

ಬ್ರೇಕಪ್ಪ ತಟ್ಟೆಯನ್ನು ಬೆಂಚಿನ ಮೇಲೆ ಇಟ್ಟ. ಮೂವತ್ತು ವರ್ಷ ಅವನು ಅದನ್ನು ಕೋಪ ಅಂದುಕೊಂಡಿದ್ದ. ಅದು ನಾಚಿಕೆ ಆಗಿತ್ತು. ಆಸ್ಪತ್ರೆಯ "ಬಂದೆಯಾ" ಈಗ ಅವನ ಕಿವಿಯಲ್ಲಿ ಬೇರೆ ದನಿಯಲ್ಲಿ ಕೇಳಿಸಿತು. ಕ್ಷಮಿಸಿದವಳ ಮಾತಲ್ಲ ಅದು. ಹೇಳಲೋ ಬೇಡವೋ ಅಂತ ಕಣ್ಣು ತೆರೆದು, ಬೇಡ ಅಂತ ಕಣ್ಣು ಮುಚ್ಚಿಕೊಂಡವಳ ಮಾತು. ಸತ್ತವಳ ಮೇಲೆ ಕೋಪ ಬರಲಿ ಅಂತ ಅವನು ಕಾದ. ಅದೂ ಬರಲಿಲ್ಲ. ಬಾಯಲ್ಲಿ ಒಂದು ಕಹಿ ಉಳಿಯಿತು, ಅಷ್ಟೇ.

ಹೆಂಡತಿ ಅಡುಗೆಮನೆಯ ಬಾಗಿಲಿಂದ ಎಲ್ಲ ಕೇಳಿಸಿಕೊಂಡಿದ್ದಳು. ನೇರವಾಗಿ ಬಂದು ಅಣ್ಣನ ಮುಂದೆ ನಿಂತಳು. "ಏಳಿ ಭಾವ. ಆ ಸ್ಟೂಲು ಗಿರಾಕಿಗಳಿಗೆ."

ಅಣ್ಣ ಎದ್ದ. ಅಂಗಿಯ ಹಿಂಭಾಗಕ್ಕೆ ಗ್ರೀಸು ಹತ್ತಿತ್ತು, ಅವನಿಗೆ ಗೊತ್ತಾಗಲಿಲ್ಲ. "ಈಗ ಏನು ಮಾಡಬೇಕು ಅಂತೀಯ?" ಅಂದ ತಮ್ಮನಿಗೆ.

"ಹೇಳು. ವಾರ್ಷಿಕೋತ್ಸವಕ್ಕೆ ಎಲ್ಲರೂ ಬರ್ತಾರಲ್ಲ, ಮಾವನ ಮಕ್ಕಳು, ಹಳೇ ಡ್ರೈವರುಗಳು. ಅವರ ಮುಂದೆ ಹೇಳು. ನನಗೆ ಬೇರೇನೂ ಬೇಡ."

"ನೋಡೋಣ," ಅಂದು ಅಣ್ಣ ಹೊರಟ.

ಮಗಳು ಹಿಂದೆ ಉಳಿದಳು. ಕಣ್ಣು ತುಂಬಿತ್ತು. "ಅಪ್ಪ ಹೇಳದಿದ್ದರೆ ನಾನು ಹೇಳ್ತೀನಿ ಚಿಕ್ಕಪ್ಪ. ಖಂಡಿತ ಹೇಳ್ತೀನಿ."

ಆ ಮಾತಿಗಾಗಿ ಅವನು ಕೆಲಸ ಮುಗಿಸಿದ. ಹೆಂಡತಿ ಬೇಡ ಅಂದಳು, ಗಾಡಿಯನ್ನು ಹಾಗೇ ಲಾರಿಗೆ ಹತ್ತಿಸಿ ಕಳಿಸಿ ಅಂದಳು. "ಹುಡುಗಿ ಕೂತು ಓಡಿಸ್ತಾಳೆ ಕಣೇ," ಅಂದ. ಅವರಿಗೆ ಮಕ್ಕಳಿರಲಿಲ್ಲ. ಡ್ರಮ್ಮುಗಳನ್ನು ಲೇತಿಗೆ ಕೊಟ್ಟು ಗೆರೆ ಹೋಗುವಂತೆ ಹೆರೆಸಿ ತಂದ. ಹಳೆಯವು ಚೆನ್ನಾಗಿದ್ದರೂ ನಾಲ್ಕೂ ಚಕ್ರಕ್ಕೆ ಹೊಸ ಲೈನಿಂಗ್ ಕೂರಿಸಿದ. ಒಂದು ಹೆಚ್ಚು ಒಂದು ಕಡಿಮೆ ಇರಬಾರದು. ಒಣಗಿ ಬಿರುಕುಬಿಟ್ಟ ರಬ್ಬರುಗಳನ್ನೆಲ್ಲ ಬದಲಾಯಿಸಿದ. ಕೊಳವೆಯಲ್ಲಿ ಸಿಕ್ಕ ಗಾಳಿ ಹೊರಗೆ ಹಾಕಲು ಇಬ್ಬರು ಬೇಕು. ಅಣ್ಣನ ಮಗಳು ಬಂದು ಪೆಡಲ್ ಮೇಲೆ ಕಾಲಿಟ್ಟು ಕೂತಳು.

"ಒತ್ತು," ಅನ್ನುತ್ತಿದ್ದ ಅವನು ಕೆಳಗಿನಿಂದ. "ಹಿಡಿದಿರು... ಬಿಡು."

"ಚಿಕ್ಕಪ್ಪ, ಅಜ್ಜ ಹೇಗಿದ್ದರು?"

"ಬಾಯಿ ಜೋರು. ಒತ್ತು. ಕುರ್ಚಿ ಉಲ್ಟಾ ಇಟ್ಟರೆ ಬೈಯೋರು, ನೆಟ್ಟಗಿಟ್ಟರೂ ಬೈಯೋರು. ಬಿಡು."

ಅವಳು ನಕ್ಕಳು. ಆ ಮಧ್ಯಾಹ್ನ ಮಾತ್ರ ಅವನಿಗೆ ಸ್ವಲ್ಪ ಹಗುರ ಅನ್ನಿಸಿತ್ತು. ಆಮೇಲೆ ಅವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಗಾಡಿಯನ್ನು ಇಳಿಜಾರಿಗೆ ತೆಗೆದುಕೊಂಡು ಹೋಗಿ, ಸ್ಟೇರಿಂಗ್ ಬಿಟ್ಟು ಬ್ರೇಕ್ ಒತ್ತಿದ. ಗಾಡಿ ನೂಲು ಹಿಡಿದ ಹಾಗೆ ನೆಟ್ಟಗೆ ನಿಂತಿತು.

ವಾರ್ಷಿಕೋತ್ಸವದ ದಿನ ಅವನು ಹೊಸ ಅಂಗಿ ಹಾಕಿಕೊಂಡ. ಉಗುರಿನ ಸಂದಿಯ ಕಪ್ಪು ಹೋಗಲಿ ಅಂತ ಸೀಮೆಎಣ್ಣೆಯಲ್ಲಿ ಕೈ ಉಜ್ಜಿ ತೊಳೆದ. ಗಂಡ ಹೆಂಡತಿ ಲಾರಿಗಳ ಅಂಗಳಕ್ಕೆ ಹೋಗಿ, ಹಿಂದೆ, ಚಹಾ ಮೇಜಿನ ಪಕ್ಕ ನಿಂತರು. ಲಾರಿಗಳೆಲ್ಲ ತೊಳೆಸಿಕೊಂಡು ಸಾಲಾಗಿ ನಿಂತಿದ್ದವು, ಎಲ್ಲದರ ಮುಂದೆ ಅಪ್ಪನ ಹಸಿರು ಪಿಕಪ್. ತಗಡು ಬಡಿಸಿ, ಬಣ್ಣ ಹೊಡೆಸಿದ್ದರು. ಸ್ಟೇರಿಂಗ್ ಹಿಡಿದು ಅಣ್ಣನ ಮಗಳು ಕೂತಿದ್ದಳು.

ಅಣ್ಣ ಮೈಕ್ ಹಿಡಿದ. ಅಪ್ಪನ ಬಗ್ಗೆ ಮಾತಾಡಿದ, ಮೊದಲ ಟ್ರಿಪ್ಪಿನ ಬಗ್ಗೆ ಮಾತಾಡಿದ. ಆಮೇಲೆ ಗಂಟಲು ಸರಿಮಾಡಿಕೊಂಡ.

"ಇದೇ ಗಾಡಿ ನಮ್ಮ ಅಪ್ಪನನ್ನ ತಗೊಂಡು ಹೋಯ್ತು. ಯಾಕೆ ಅಂತ ನಿಮಗೆಲ್ಲ ಗೊತ್ತು. ಅದನ್ನ ಇವತ್ತು ಕೆದಕೋದು ಬೇಡ. ಮನುಷ್ಯ ಅಂದಮೇಲೆ ತಪ್ಪಾಗುತ್ತೆ. ನನ್ನ ತಮ್ಮನನ್ನ ನಾನು ಯಾವತ್ತೋ ಕ್ಷಮಿಸಿದೀನಿ. ಅಮ್ಮನೂ ಕ್ಷಮಿಸೇ ಹೋದಳು. ಇವತ್ತು ಅದೇ ತಮ್ಮ, ಅದೇ ಗಾಡಿಯ ಬ್ರೇಕನ್ನ ತನ್ನ ಕೈಯಾರೆ ರಿಪೇರಿ ಮಾಡಿಕೊಟ್ಟಿದ್ದಾನೆ. ಅಗೋ, ಅಲ್ಲಿ ನಿಂತಿದ್ದಾನೆ."

ಎಲ್ಲರೂ ತಿರುಗಿ ನೋಡಿದರು. ಚಪ್ಪಾಳೆ ಬಿತ್ತು. ಒಬ್ಬ ಹಳೆಯ ಡ್ರೈವರ್ ಬಂದು ಕಣ್ಣೊರೆಸಿಕೊಂಡು ಅವನ ಬೆನ್ನು ತಟ್ಟಿದ. "ಅಂಥ ಅಣ್ಣ ಸಿಗಬೇಕಾದರೆ ಪುಣ್ಯ ಮಾಡಿರಬೇಕಪ್ಪ."

ಬ್ರೇಕಪ್ಪ ಅಣ್ಣನ ಮಗಳ ಕಡೆ ನೋಡಿದ. ಅವಳೂ ಒಂದು ಸಲ ಅವನ ಕಡೆ ನೋಡಿದಳು. ಆಮೇಲೆ ತಲೆ ತಗ್ಗಿಸಿ ಬೀಗದ ಕೈ ತಿರುಗಿಸಿದಳು. ಇಂಜಿನ್ನು ಗುಡುಗಿತು. ಹಿಂದಿನ ಲಾರಿಗಳೆಲ್ಲ ಒಟ್ಟಿಗೆ ಹಾರನ್ ಬಾರಿಸಿದವು.

"ಸುಳ್ಳು!" ಅಂತ ಕೂಗಿದ ಅವನು. "ಅವನು ಹೇಳಿದ್ದೆಲ್ಲ ಸುಳ್ಳು!"

ಆ ಗದ್ದಲದಲ್ಲಿ ಕೇಳಿಸಿದ್ದು ಚಹಾ ಕೊಡುತ್ತಿದ್ದವನಿಗೆ ಮಾತ್ರ. ಅವನೂ ಕಿವಿಗೆ ಕೈ ಹಿಡಿದು ಬಗ್ಗಿ, "ಏನಂದ್ರಿ? ಸಕ್ಕರೆ ಬೇಡವಾ?" ಅಂದ.

ಹೆಂಡತಿ ತೋಳು ಹಿಡಿದು, "ನಡೀರಿ ಮನೆಗೆ" ಅಂದಳು.

ಆಮೇಲೆ ಅವನು ಹೇಳಲಿಲ್ಲ ಅಂತಲ್ಲ. ಒಂದಿಬ್ಬರು ಹಳೆಯ ಗಿರಾಕಿಗಳಿಗೆ ಹೇಳಿದ, ಮಾವನ ಮಗನಿಗೆ ಹೇಳಿದ, ತೆಗೆದಿಟ್ಟಿದ್ದ ಶೂ, ತಂತಿ ತೋರಿಸಿದ. ಅವರು ತಲೆಯಾಡಿಸಿದರು. ಅಷ್ಟು ಜನರ ಮುಂದೆ ಕ್ಷಮಿಸಿದ ಅಣ್ಣನ ಮೇಲೇ ಈಗ ಗೂಬೆ ಕೂರಿಸುತ್ತಿದ್ದಾನಲ್ಲ ಅಂತ ಹಿಂದೆ ಆಡಿಕೊಂಡರು. ಮಾವನ ಮಗ ಮುಖಕ್ಕೇ ಹೇಳಿದ: "ಬಿಡಪ್ಪ, ಅವನು ಅಷ್ಟು ದೊಡ್ಡ ಮನಸ್ಸು ಮಾಡಿದ. ನೀನೂ ಮಾಡು."

ಕೆಲವು ವಾರ ಕಳೆದ ಮೇಲೆ ಅಣ್ಣನ ಮಗಳು ಪಿಕಪ್ ತಾನೇ ಓಡಿಸಿಕೊಂಡು ಬಂದಳು. ಗ್ಯಾರೇಜಿನ ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಅಂತ ಒದ್ದಾಡಿದಳು.

"ಚಿಕ್ಕಪ್ಪ, ಅವತ್ತು ಅಲ್ಲಿ ಹೇಗೆ ಹೇಳಲಿ? ಅಪ್ಪ ಕಂಪನೀನ ನನ್ನ ಕೈಗೆ ಬಿಟ್ಟುಕೊಡ್ತಿದ್ದಾರೆ. ಈಗ ಬಾಯಿಬಿಟ್ಟರೆ ಎಲ್ಲಾ ಕೆಟ್ಟುಹೋಗುತ್ತೆ. ಡ್ರೈವರುಗಳ ಸಂಸಾರ ಇದೆ... ಅಪ್ಪನ ಕಾಲ ಒಂದು ಆಗಿಹೋಗಲಿ. ಆಮೇಲೆ ನಾನೇ ಎಲ್ಲರನ್ನೂ ಕೂರಿಸಿ ಹೇಳ್ತೀನಿ."

"ಆಗ ಯಾರಿಗೆ ಹೇಳ್ತೀಯಮ್ಮ?" ಅಂದ ಅವನು. ಸಿಟ್ಟಿರಲಿಲ್ಲ ದನಿಯಲ್ಲಿ. "ಕೇಳೋರೂ ಇರಲ್ಲ, ನಾನೂ ಇರಲ್ಲ. ನಿಮ್ಮಜ್ಜಿ ಲೆಕ್ಕಾಚಾರವೂ ಇದೇ ಇತ್ತು. ನಿನ್ನದು ಅವಳದೇ ಮೂಗು, ಅವಳದೇ ಬುದ್ಧಿ."

ಅವಳು ಕಣ್ಣೊರೆಸಿಕೊಂಡಳು. ಹೊರಡುವ ಮುಂಚೆ, ಏನಾದರೂ ಮಾತಾಡಬೇಕು ಅನ್ನುವ ಹಾಗೆ, "ಬ್ರೇಕ್ ಸ್ವಲ್ಪ ಕಿರಗುಟ್ಟುತ್ತೆ. ಒಂದು ಸಲ ನೋಡ್ತೀರಾ?" ಅಂದಳು.

ಬ್ರೇಕಪ್ಪ ಗಾಡಿಯ ಕಡೆ ನೋಡಿದ. ಹೊಸ ಪಟ್ಟಿ ಡ್ರಮ್ಮಿಗೆ ಹೊಂದಿಕೊಳ್ಳುವ ತನಕ ಒಂದಿಷ್ಟು ದಿನ ಹಾಗೆ ಸದ್ದು ಮಾಡುತ್ತದೆ, ಭಯಪಡುವಂಥದ್ದಲ್ಲ ಅಂತ ಅವನಿಗೆ ಗೊತ್ತಿತ್ತು. ಹೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು.

"ಬೇರೆ ಕಡೆ ತೋರಿಸಮ್ಮ," ಅಂದ.

ಬ್ರೇಕಿನ ಗಾಡಿಯನ್ನು ಅವನು ಬಾಗಿಲಿಂದ ವಾಪಸ್ ಕಳಿಸಿದ್ದು ಅದೇ ಮೊದಲು. ಅವಳು ಹೋದ ಮೇಲೆ ಅಡುಗೆಮನೆಗೆ ಬಂದು ಸುಮ್ಮನೆ ಕೂತ. ಹೆಂಡತಿ ತಟ್ಟೆ ಇಟ್ಟಳು. ಅವನು ಎರಡು ತುತ್ತು ತಿಂದು, "ಉಪ್ಪು ಹಾಕಿಲ್ಲವಾ?" ಅಂದ.

"ಹಾಕಿದೀನಿ," ಅಂದಳು ಅವಳು.